ಮಲಗುವ ಹೊತ್ತಿಗೇ ಬರುವ ಆನೆ

ಕಳೆದ ವರ್ಷ ಭತ್ತದ ತೆನೆ ಬಲಿತಿದ್ದಾಗ ನಮ್ಮ ಗದ್ದೆಯ ಹತ್ತು ಗುಂಟೆಯಷ್ಟು ಪೈರು ಆನೆಗಳ ಕಾಲಿಗೆ ಹೋಯಿತು. ಅದಕ್ಕೆ ಕಾರಣ ನಾನು. ಫೋನು ಯಾವಾಗ ಮಲಗಬೇಕು, ಯಾವುದಕ್ಕೆ ಏಳಬೇಕು ಎಂಬುದರ ಮೇಲೆಯೇ ಪಿಎಚ್.ಡಿ. ಮಾಡುತ್ತಿರುವವನು ನಾನು.

ನಮ್ಮದು ಮುಂಡಗೋಡ ತಾಲೂಕಿನ ಕಾಡಂಚಿನ ಊರು. ಮಳೆಗಾಲ ಮುಗಿದ ಮೇಲೆ ಆನೆಗಳು ದಾಂಡೇಲಿ, ಜೋಯಿಡಾ ಕಡೆಯ ಕಾಡಿನಿಂದ ಹೊರಟು ಹಳಿಯಾಳ, ಕಿರವತ್ತಿ ಭಾಗ ದಾಟಿಕೊಂಡು ನಮ್ಮ ಕಡೆ ಬರುತ್ತವೆ. ಭತ್ತ, ಕಬ್ಬು, ಗೋವಿನಜೋಳ ಯಾವುದನ್ನೂ ಬಿಡುವುದಿಲ್ಲ. ಸುಗ್ಗಿ ಮುಗಿಯುವವರೆಗೆ ಅಪ್ಪ ರಾತ್ರಿ ಮಾಳದಲ್ಲೇ ಮಲಗುತ್ತಾನೆ. ಗದ್ದೆಯ ಅಂಚಿಗೆ ಹಗ್ಗ ಎಳೆದು ಅದಕ್ಕೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿರುತ್ತಾನೆ. ಹಗ್ಗದ ಒಂದು ತುದಿ ಮಾಳದ ಕಂಬಕ್ಕೆ. ಈಚೆಗೆ ಇದರ ಜೊತೆಗೆ ಫೋನೂ ಸೇರಿದೆ. ಮೇಲಿನ ಗದ್ದೆಯವರಿಗೆ ಆನೆ ಕಂಡರೆ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ, ಕೆಳಗಿನವರು ಪಟಾಕಿ ಹಿಡಿದು ಎದ್ದು ನಿಲ್ಲುತ್ತಾರೆ.

ನಾನು ಓದುವುದು ಕರ್ನಲ್ ಬಗ್ಗೆ. ಊರಲ್ಲಿ ಇದನ್ನು ಹೇಳಿದಾಗ ಅಪ್ಪನ ಗೆಳೆಯರೊಬ್ಬರು ‘ಮಿಲಿಟ್ರ್ಯಾಗ ಇರ್ತಾನಲ್ಲ, ಅವನಾ?’ ಎಂದು ಕೇಳಿದ್ದರು. ಅವನಲ್ಲ. ಪರದೆ, ಮೆಮೊರಿ, ನೆಟ್‌ವರ್ಕ್ ಚಿಪ್ಪು ಎಲ್ಲವನ್ನೂ ಒಳಗೆ ಕೂತು ನಡೆಸುವ ಮೂಲ ತಂತ್ರಾಂಶಕ್ಕೆ ಆ ಹೆಸರು. ಆಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಕರ್ನಲ್. ಫೋನನ್ನು ಪಕ್ಕಕ್ಕಿಟ್ಟ ಮೇಲೆ ಅದು ಒಂದೊಂದೇ ಉಪಕರಣವನ್ನು ಮಲಗಿಸುತ್ತ ಬರುತ್ತದೆ. ಉಪಕರಣಗಳ ನಡುವೆ ತಾಯಿ-ಮಕ್ಕಳ ಸಂಬಂಧವಿದೆ, ಆ ಶಾಸ್ತ್ರದಲ್ಲಿ ಹಾಗೆಯೇ ಕರೆಯುತ್ತಾರೆ ಕೂಡ. ಮಕ್ಕಳು ಮಲಗಿದ ಮೇಲೆ ತಾಯಿ ಮಲಗಬೇಕು, ಏಳುವಾಗ ತಾಯಿ ಮೊದಲು. ಕೊನೆಗೆ ಮುಖ್ಯ ಪ್ರೊಸೆಸರೂ ಮಲಗುತ್ತದೆ. ಮೆಮೊರಿಗೆ ಮಾತ್ರ ತನ್ನಲ್ಲಿರುವುದನ್ನು ಮರೆಯದಷ್ಟು ವಿದ್ಯುತ್ತು ಸಿಗುತ್ತಿರುತ್ತದೆ.

ಹೀಗೆ ಮಲಗಿದ್ದನ್ನು ಯಾರು ಎಬ್ಬಿಸಬಹುದು ಎನ್ನುವುದು ಮೊದಲೇ ನಿಗದಿಯಾಗಿರಬೇಕು. ಎಬ್ಬಿಸುವ ಶಕ್ತಿಯಿರುವ ಪ್ರತಿ ಉಪಕರಣದ ಹೆಸರಿನಲ್ಲಿ ‘ವೇಕಪ್’ ಎಂಬ ಪುಟ್ಟ ಕಡತವಿರುತ್ತದೆ. ಅದರೊಳಗೆ ಇರುವುದು ಒಂದೇ ಪದ, ‘ಎನೇಬಲ್ಡ್’ ಇಲ್ಲವೇ ‘ಡಿಸೇಬಲ್ಡ್’. ಪವರ್ ಬಟನ್ನಿಗೆ ಎಬ್ಬಿಸುವ ಹಕ್ಕಿದೆ. ಕರೆ ಬಂದಾಗ ಮಾಡೆಮ್‌ಗೂ ಇದೆ. ಎಲ್ಲರಿಗೂ ಆ ಹಕ್ಕು ಕೊಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ.

ಅಪ್ಪನ ಫೋನಿಗೆ ಆಗುತ್ತಿದ್ದುದು ಅದೇ. ಸಂಜೆ ತುಂಬಿಸಿ ಒಯ್ದದ್ದು ನಸುಕಿನ ಮೂರಕ್ಕೆ ಸತ್ತಿರುತ್ತಿತ್ತು. ರಜೆಗೆ ಬಂದವನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಲೆಕ್ಕ ತೆಗೆದೆ. ಪಟ್ಟಿಯ ತಲೆಯಲ್ಲಿ ಮಾಡೆಮ್. ಮಾಳದಲ್ಲಿ ಸಿಗ್ನಲ್ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಹೋದಾಗಲೆಲ್ಲ ಮಾಡೆಮ್ ಟವರು ಹುಡುಕುತ್ತದೆ, ಸಿಕ್ಕಿತೆಂದು ಮುಖ್ಯ ಪ್ರೊಸೆಸರನ್ನು ಎಬ್ಬಿಸಿ ಹೇಳುತ್ತದೆ, ಮತ್ತೆ ಕಳೆದುಕೊಳ್ಳುತ್ತದೆ. ರಾತ್ರಿಯಿಡೀ ಇದೇ ಗೋಳು. ನನಗೆ ಅವಸರವಿತ್ತು, ಮರುದಿನ ಧಾರವಾಡಕ್ಕೆ ಹೊರಡಬೇಕಿತ್ತು. ಬ್ಯಾಟರಿ ಉಳಿಸುವ ಸೆಟ್ಟಿಂಗನ್ನು ಕಟ್ಟುನಿಟ್ಟು ಮಾಡಿ ಕೊಟ್ಟೆ. ಅಪ್ಪನಿಗೆ ದೊಡ್ಡ ಉಪಕಾರ ಮಾಡಿದೆನೆಂಬ ಹೆಮ್ಮೆಯಿಂದಲೇ ಬಸ್ಸು ಹತ್ತಿದೆ.

ಮೂರನೆಯ ರಾತ್ರಿ 1 ಗಂಟೆ 40 ನಿಮಿಷಕ್ಕೆ ಮೇಲಿನ ಗದ್ದೆಯವರು ‘ಆನಿ ಬಂದಾವ, ಏಳ್ರಿ’ ಎಂದು ಹಾಕಿದ್ದರು. ಅಪ್ಪನ ಫೋನು ಅದನ್ನು ತೋರಿಸಿದ್ದು ಬೆಳಿಗ್ಗೆ ಆತ ಅದನ್ನು ಕೈಗೆತ್ತಿಕೊಂಡಾಗ. ಆನೆಗಳು ಹಗ್ಗವಿಲ್ಲದ ಹಳ್ಳದ ಕಡೆಯಿಂದ ಇಳಿದಿದ್ದವು. ಅಪ್ಪ ಫೋನು ಮಾಡಿ ಬಯ್ಯಲಿಲ್ಲ. ‘ತಮ್ಮಾ, ಬ್ಯಾಟರಿ ಅರವತ್ತ್ ಉಳದೈತಿ ನೋಡು. ಭಾಳ ಚಂದ ನಿದ್ದಿ ಮಾಡೇತಿ’ ಎಂದ.

ಇದು ಕರ್ನಲ್ಲಿನ ತಪ್ಪಲ್ಲ, ಅದರ ಮೇಲಿನ ಪದರದ್ದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇ. ಆಂಡ್ರಾಯ್ಡ್ 2015ರ ಆರನೆಯ ಆವೃತ್ತಿಯಿಂದ ಅಲುಗಾಡದೆ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳ ಕೆಲಸವನ್ನು ಮುಂದೂಡುತ್ತದೆ. ಅದರ ಮೇಲೆ ನಾನು ಇನ್ನೊಂದು ಬೀಗ ಜಡಿದಿದ್ದೆ. ಆದರೆ ಹತ್ತು ಗುಂಟೆ ಭತ್ತಕ್ಕೆ ಪದರಗಳ ವ್ಯತ್ಯಾಸ ಹೇಳಿ ಏನು ಪ್ರಯೋಜನ?

ಆ ಶನಿವಾರ ಊರಿಗೆ ಹೋಗಿ ಅಪ್ಪನ ಜೊತೆ ಮಾಳ ಹತ್ತಿದೆ. ಅಪ್ಪ ಮಲಗುವುದನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ. ಬ್ಯಾಟರಿ ಆರಿಸಿ ಕಂಬಳಿ ಹೊದ್ದು ಸುಮ್ಮನೆ ಕೂತ. (ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು.) ಹಳ್ಳದ ಕಡೆ ನಾಯಿ ಬೊಗಳಿತು. ಅದು ನಿಲ್ಲುವವರೆಗೂ ಕಾದ. ನಿಂತ ಮೇಲೂ ಸ್ವಲ್ಪ ಹೊತ್ತು ಕೂತು, ಇನ್ನೇನು ಅಡ್ಡಾಗಬೇಕು, ಬಿದಿರು ಮೆಳೆಯಲ್ಲಿ ಏನೋ ಮುರಿದ ಸದ್ದು. ಎದ್ದು ಕೂತು ಮತ್ತೆ ಮೊದಲಿಂದ ಶುರು. ‘ಏನೂ ಇಲ್ಲಲ್ಲ ಅಪ್ಪಾ, ಮಲ್ಕೊ’ ಎಂದೆ. ‘ನಾವು ಮಲಗೂ ಹೊತ್ತಿಗೇ ಬರ್ತಾವಪಾ ಅವು’ ಎಂದ.

ಲಿನಕ್ಸ್ ಮಂದಿ ವರ್ಷಗಟ್ಟಲೆ ಜಗಳವಾಡಿದ್ದು ಇದೇ ಮಾತಿನ ಸುತ್ತ. ಪೂರ್ತಿ ಮಲಗಿದ ಯಂತ್ರವನ್ನು ಎಬ್ಬಿಸುವುದು ಸುಲಭ, ಎಚ್ಚರವಿದ್ದರಂತೂ ತೊಂದರೆಯೇ ಇಲ್ಲ. ‘ಇನ್ನು ಮಲಗೋಣ’ ಎಂದು ತೀರ್ಮಾನಿಸಿ ಕಣ್ಣು ಮುಚ್ಚುವ ನಡುವಿನ ಆ ಗಳಿಗೆಯಲ್ಲಿ ಕರೆ ಬಂದರೆ? ಬಂದದ್ದನ್ನು ಗಮನಿಸದೆ ಮಲಗಿಬಿಡಬಹುದು. ಆಂಡ್ರಾಯ್ಡ್ ತಂಡ ಇದಕ್ಕೆ ‘ವೇಕ್‌ಲಾಕ್’ ಎಂಬ ಉಪಾಯ ಮಾಡಿಕೊಂಡಿತ್ತು. ಕೆಲಸವಿರುವವರು ಬೀಗ ಹಿಡಿದುಕೊಳ್ಳಬೇಕು, ಯಾರ ಕೈಯಲ್ಲೂ ಬೀಗವಿಲ್ಲದಾಗ ಯಂತ್ರ ಮಲಗುತ್ತದೆ. 2009ರಲ್ಲಿ ಅದನ್ನು ಮೂಲ ಲಿನಕ್ಸಿಗೆ ಸೇರಿಸಿ ಎಂದು ಕೇಳಿದಾಗ ದೊಡ್ಡ ವಾಗ್ವಾದವೇ ನಡೆಯಿತು. ಆ ಭಾಗದ ಹೊಣೆ ಹೊತ್ತಿದ್ದ ರಫಾಯೆಲ್ ವಿಸೋಟ್ಸ್ಕಿ 2010ರಲ್ಲಿ ಬೇರೊಂದು ದಾರಿ ತಂದರು. ಎಬ್ಬಿಸುವ ಪ್ರತಿ ಸದ್ದಿಗೂ ಒಂದು ಎಣಿಕೆ. ಮಲಗುವ ಮೊದಲು ಎಣಿಕೆ ಓದಬೇಕು. ಯಾವುದಾದರೂ ಸದ್ದಿನ ವಿಚಾರಣೆ ನಡೆಯುತ್ತಿದ್ದರೆ ಓದಲು ಹೋದವರು ಅದು ಮುಗಿಯುವವರೆಗೆ ಕಾಯಬೇಕು. ಆಮೇಲೆ ಓದಿದ ಸಂಖ್ಯೆಯನ್ನೇ ವಾಪಸು ಬರೆಯಬೇಕು. ಅಷ್ಟರಲ್ಲಿ ಸಂಖ್ಯೆ ಬದಲಾಗಿದ್ದರೆ ಕರ್ನಲ್ ಅದನ್ನು ಒಪ್ಪುವುದಿಲ್ಲ, ಮತ್ತೆ ಮೊದಲಿಂದ. ಒಪ್ಪಿ ಮಲಗಲು ಹೊರಟ ಮೇಲೂ ದಾರಿಯಲ್ಲಿ ಸದ್ದಾದರೆ ನಿದ್ದೆ ರದ್ದು. 2012ರಲ್ಲಿ ಇದರ ಮೇಲೆಯೇ ತಾನಾಗಿ ಮಲಗುವ ವ್ಯವಸ್ಥೆಯೂ ಬಂತು.

ಈ ಭಾಗವನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಸೆಮಿಸ್ಟರ್ ಹಿಡಿದಿತ್ತು. ಮಾಳದ ಮೇಲೆ ಅಪ್ಪ ಎರಡನೆಯ ಸಲ ಎದ್ದು ಕೂತಾಗ ನನಗೆ ನಗು ಬಂತು, ನಾಚಿಕೆಯೂ ಆಯಿತು.

ಫೋನಿಗೆ ಆಮೇಲೆ ಮಾಡಿದ್ದು ಯಾವ ಪ್ರಬಂಧಕ್ಕೂ ಸೇರದ ಕೆಲಸ. ನನ್ನ ಬೀಗ ತೆಗೆದೆ. ಫೋನನ್ನು 4ಜಿ ಬಿಡಿಸಿ 2ಜಿಗೆ ಕಟ್ಟಿಹಾಕಿದೆ. ಮಾಳದ ಮೂಡಣ ಕಂಬದ ತುದಿಯಲ್ಲಿ ಸಿಗ್ನಲ್ ಎರಡು ಕಡ್ಡಿ ನಿಲ್ಲುತ್ತದೆಂದು ಕಂಡುಕೊಂಡು ಅಲ್ಲಿ ಒಂದು ಚೀಲ ಜೋತುಹಾಕಿದೆ. ಗುಂಪಿನವರಿಗೆ, ಆನೆ ಕಂಡರೆ ಮೆಸೇಜು ಬೇಡ, ಕರೆ ಮಾಡಿ ಎಂದು ಹೇಳಿಸಿದೆ. ಮೆಸೇಜು ಮೇಲಿನ ಪದರದ ಹಲವು ಕೈ ದಾಟಿ ಬರಬೇಕು. ಕರೆ ಬಂದರೆ ಮಾಡೆಮ್ ನೇರವಾಗಿ ಎಬ್ಬಿಸುತ್ತದೆ. ಅಪ್ಪ ಹಳ್ಳದ ಕಡೆಗೂ ಹಗ್ಗ ಎಳೆದ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಸುತ್ತಲೂ ಜೀರುಂಡೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪ ಅಡ್ಡಾಗುವ ಮುನ್ನ ಕೈ ಚಾಚಿ ಕಂಬದ ಹಗ್ಗವನ್ನು ಒಮ್ಮೆ ಎಳೆದ. ಕತ್ತಲಲ್ಲಿ ದೂರದ ಡಬ್ಬಿಗಳು ಒಂದಾದ ಮೇಲೊಂದು ಬಡಿದುಕೊಂಡವು. ಕೊನೆಯದು ಸುಮ್ಮನಾಗುವವರೆಗೆ ಕೇಳಿಸಿಕೊಂಡು, ಮಗ್ಗುಲಾಗಿ ಕಂಬಳಿ ಎಳೆದುಕೊಂಡ.