ಹೊಗೆ ಅಡಗಿತು, ಗ್ಯಾಸ್ಕೆಟ್ ಹೋಯಿತು

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ನಾಜಲ್ ಅದರೊಳಕ್ಕೆ ಡೀಸೆಲ್ ಸಿಂಪಡಿಸಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಸುವ ಮುಹೂರ್ತ ಇಡುವುದು ಪಂಪು. ಪಿಸ್ಟನ್ ತುದಿ ಮುಟ್ಟುವ ತುಸು ಮುಂಚೆಯೇ ಅದು ಡೀಸೆಲ್ ತಳ್ಳಬೇಕು. ನಿಮಿಷಕ್ಕೆ 1500 ಸುತ್ತು ಹೊಡೆಯುವ ಕ್ರ್ಯಾಂಕಿಗೆ ಒಂದು ಡಿಗ್ರಿ ತಿರುಗಲು ಸೆಕೆಂಡಿನ 9000ದಲ್ಲಿ ಒಂದು ಪಾಲು ಸಾಕು. ಇದನ್ನು ಬರೀ ಕಿವಿಯಲ್ಲಿ ಹಿಡಿಯುತ್ತೇನೆಂದು ಹೊರಟವನು ನಾನು.

ನಮ್ಮದು ಎಚ್‌ಎಂಟಿ 2511 ಟ್ರ್ಯಾಕ್ಟರ್. ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಲ್ಲಿ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಮಾಡಿದ, ಎರಡು ಸಿಲಿಂಡರಿನ, 25 ಅಶ್ವಶಕ್ತಿಯ ಗಾಡಿ. ದೊಡ್ಡಪ್ಪ ಕೊಂಡು ತಂದಿದ್ದು. ದಾವಣಗೆರೆ ಸೀಮೆಯ ನಮ್ಮ ಮೆಕ್ಕೆಜೋಳದ ಹೊಲಗಳನ್ನೆಲ್ಲ ಉತ್ತು, ಕೊನೆಗೆ ಕಣದ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. 2016ರಲ್ಲಿ ಆ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇನ್ನು ತಡಮಾಡಿದರೆ ಬಿಡಿಭಾಗವೂ ಸಿಗಲಿಕ್ಕಿಲ್ಲ ಎಂದು ರಿಪೇರಿಗೆ ಕೈಹಾಕಿದೆ.

ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿಸಿದೆ. ಪಂಪು ಬಿಚ್ಚುವ ಮೊದಲು ಅದು ಕೂತ ಜಾಗಕ್ಕೆ ಉಳಿಯಿಂದ ಒಂದು ಗೀಟು ಹೊಡೆಯಬೇಕಿತ್ತು, ಹೊಡೆಯಲಿಲ್ಲ. ಮತ್ತೆ ಕೂರಿಸಿದಾಗ ಎಂಜಿನ್ ಹೊತ್ತಿತು, ಆದರೆ ಬಿಳಿ ಹೊಗೆ. ಬಿಳಿ ಹೊಗೆಯೆಂದರೆ ಸುಡದೆ ಹೊರಬಂದ ಡೀಸೆಲ್, ಅಂದರೆ ಟೈಮಿಂಗ್ ತಡ ಎಂದು ತೀರ್ಮಾನಿಸಿದೆ. ಡೀಸೆಲ್ ಇನ್ನೂ ಬೇಗ ಬೀಳಲೆಂದು ಪಂಪನ್ನು ಸರಿಸುತ್ತ ಹೋದೆ. ಹೊಗೆ ಇಳಿಯಿತು, ಶಬ್ದ ಖಣಖಣ ಎನ್ನತೊಡಗಿತು. ನನಗೆ ಅದು ಕಸುವಿನ ಶಬ್ದವಾಗಿ ಕೇಳಿತು.

'ಇದು ಇಷ್ಟು ಗಟ್ಟಿಯಾಗಿ ಕೂಗ್ತಿರಲಿಲ್ಲ ಕಣೋ' ಅಂದರು ದೊಡ್ಡಪ್ಪ.

'ಹೊಸ ರಿಂಗು ದೊಡ್ಡಪ್ಪ, ಬಿಗಿ ಇದೆ' ಅಂದೆ.

ಮುಂಗಾರಿನ ಉಳುಮೆಯಲ್ಲಿ ಹೆಡ್ ಗ್ಯಾಸ್ಕೆಟ್ ಹಾರಿತು. ರೇಡಿಯೇಟರಿನಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಹೆಡ್ ಬಿಚ್ಚಿದ ಮೇಸ್ತ್ರಿ ಪಿಸ್ಟನ್ ತಲೆಯ ಮೇಲಿನ ಗುಳಿಗಳನ್ನು ಬೆರಳಿಂದ ಸವರಿ, 'ಪಂಪ್ ಬಿಚ್ಚೋ ಮುಂಚೆ ಗುರುತು ಹಾಕಿದ್ಯಾ ತಮ್ಮಾ?' ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದ್ದಿಷ್ಟು: ಡೀಸೆಲ್ ತೀರಾ ಬೇಗ ಬಿದ್ದರೆ ಗಾಳಿ ಇನ್ನೂ ಸಾಕಷ್ಟು ಕಾದಿರುವುದಿಲ್ಲ. ಕೂಡಲೇ ಹೊತ್ತದೆ ಒಳಗೇ ಸೇರಿಕೊಂಡು, ಆಮೇಲೆ ಒಮ್ಮೆಲೇ ಸಿಡಿಯುತ್ತದೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಆ ಒತ್ತಡ ಅದರ ತಲೆಗೆ ಬಡಿಯುತ್ತದೆ. ನಾನು ಕಸುವೆಂದುಕೊಂಡದ್ದು ಆ ಬಡಿತ.

ನಾಜಲ್‌ಗಳನ್ನು ಪರೀಕ್ಷೆಯ ಪಂಪಿಗೆ ಹಾಕಿ ಒತ್ತಿದಾಗ ನಿಜವಾದ ಕಳ್ಳ ಸಿಕ್ಕ. ಮಂಜಿನಂತೆ ಸಿಂಪಡಿಸಬೇಕಿದ್ದ ಒಂದು ನಾಜಲ್ ತೊಟ್ಟಿಕ್ಕುತ್ತಿತ್ತು. ಹೊಗೆಯ ಮೂಲ ಅದು. ಟೈಮಿಂಗ್ ಬೇಗ ಮಾಡಿ ನಾನು ಲಕ್ಷಣವನ್ನಷ್ಟೇ ಅಡಗಿಸಿದ್ದೆ, ರೋಗಕ್ಕೆ ಇನ್ನೊಂದು ರೋಗ ಸೇರಿಸಿದ್ದೆ.

ನಾಜಲ್ ಬದಲಿಸಿದ ಮೇಲೆ ಮೇಸ್ತ್ರಿ ಟೈಮಿಂಗ್ ಕೂರಿಸಿದ ಬಗೆಯೇ ಬೇರೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೊಂದು ಸಿಲಿಂಡರಿಗೂ ಒಂದೇ ಸಲ ಡೀಸೆಲ್ ಬೀಳುತ್ತದೆ; ಪಿಸ್ಟನ್ ಮಾತ್ರ ಎರಡು ಸಲ ತುದಿ ಮುಟ್ಟುತ್ತದೆ. ಎರಡೂ ವಾಲ್ವ್ ಮುಚ್ಚಿರುವ ಸಲವೇ ಕಂಪ್ರೆಷನ್. ಅದನ್ನು ಖಚಿತಪಡಿಸಿಕೊಂಡು, ಮೊದಲ ಸಿಲಿಂಡರಿಗೆ ಹೋಗುವ ಪಂಪಿನ ಬಾಯಿಂದ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಕೊಳವೆ ಸಿಕ್ಕಿಸಿದರು. ಡೀಸೆಲ್ ಹರಿಯತೊಡಗಿತು. ಫ್ಲೈವೀಲನ್ನು ಓಡುವ ದಿಕ್ಕಿನಲ್ಲೇ ನಿಧಾನ ತಿರುಗಿಸುತ್ತ, ಧಾರೆ ಕಡಿದು ಹನಿಯಾದ ಕ್ಷಣಕ್ಕೆ ನಿಲ್ಲಿಸಿದರು. ಪಂಪು ತಳ್ಳಲು ಶುರುಮಾಡುವುದು ಅಲ್ಲಿ. ಆ ಜಾಗ ಕಂಪನಿ ಪುಸ್ತಕದಲ್ಲಿ ಹೇಳಿದ ಗುರುತಿಗೆ ಕೂಡಬೇಕು. ಕೂಡಿದ ಮೇಲೆ ನಟ್ಟು ಬಿಗಿದರು. ಕಿವಿಗೆ ಎಲ್ಲೂ ಕೆಲಸವಿರಲಿಲ್ಲ.

ಗೇರಿನಿಂದ ತಿರುಗುವ ಪಂಪಿನ ಟೈಮಿಂಗ್, ಯಾರೂ ಮುಟ್ಟದಿದ್ದರೆ, ಸುಲಭಕ್ಕೆ ತಪ್ಪುವುದಿಲ್ಲ. ಸವೆಯುವುದು ನಾಜಲ್, ರಿಂಗ್, ವಾಲ್ವ್. ಅವನ್ನು ನೋಡಬೇಕಾದರೆ ಬಿಚ್ಚಬೇಕು, ಪರೀಕ್ಷಿಸಬೇಕು, ದುಡ್ಡು ಬಿಚ್ಚಬೇಕು. ಟೈಮಿಂಗಿಗೆ ಸ್ಪ್ಯಾನರ್ ಒಂದಿದ್ದರೆ ಸಾಕು. ನಾನು ಅದನ್ನೇ ತಪ್ಪಿತಸ್ಥನನ್ನಾಗಿ ಮಾಡಿದ್ದು ಅದು ಕೆಟ್ಟಿದ್ದಕ್ಕಲ್ಲ, ಕೈಗೆಟುಕಿದ್ದಕ್ಕೆ.