ರಾಣಿಯ ಸಂತೆಯಲ್ಲಿ ಖಣದ ಅಂಗಡಿ

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದ ಇರ್ವಿಂಡೇಲ್, ಜಲ್ಲಿಕಲ್ಲಿನ ಗಣಿಗಳಿರುವ ಪುಟ್ಟ ಊರು. ಅಲ್ಲಿಯ ಸಾಂತಾ ಫೆ ಅಣೆಕಟ್ಟಿನ ಉದ್ಯಾನದಲ್ಲಿ 2005ರಿಂದ ವಸಂತಕಾಲದ ಶನಿವಾರ, ಭಾನುವಾರಗಳಂದು ಹದಿನಾರನೇ ಶತಮಾನದ ಇಂಗ್ಲೆಂಡ್ ಎದ್ದು ನಿಲ್ಲುತ್ತದೆ. ರಿನೈಸಾನ್ಸ್ ಫೇರ್ ಎಂದು ಅದರ ಹೆಸರು. ಸೊಂಟಕ್ಕೆ ಕತ್ತಿ ಕಟ್ಟಿದ ಗಂಡಸರು, ನೆಲ ಗುಡಿಸುವ ಲಂಗದ ಹೆಂಗಸರು, ಕುದುರೆ ಏರಿ ಈಟಿಯಲ್ಲಿ ಕಾದಾಡುವ ಸರದಾರರು! ನಮ್ಮ ಜಾತ್ರೆಯೇ ಅನ್ನಿ. ತೇರಿನ ಬದಲು ಎಲಿಜಬೆತ್ ರಾಣಿಯ ಮೆರವಣಿಗೆ. 1963ರಲ್ಲಿ ಫಿಲಿಸ್ ಪ್ಯಾಟರ್‌ಸನ್ ಎಂಬ ಶಿಕ್ಷಕಿ, ಪತಿ ರಾನ್ ಜೊತೆಗೂಡಿ, ಕೆ.ಪಿ.ಎಫ್.ಕೆ. ರೇಡಿಯೋ ಕೇಂದ್ರಕ್ಕೆ ಹಣ ಕೂಡಿಸಲು ನಡೆಸಿದ ಸಂತೆ ಇದರ ಮೂಲ. ಈಗ ಇಂಥವು ಅಮೆರಿಕದ ಅನೇಕ ರಾಜ್ಯಗಳಲ್ಲಿವೆ.

ನನ್ನ ಅಕ್ಕ ಅಲ್ಲಿ ಅಂಗಡಿ ಹಾಕುತ್ತಾಳೆ. ಮಾರುವುದು ಗುಳೇದಗುಡ್ಡದ ಖಣದಲ್ಲಿ ಹೊಲಿದ ಸೊಂಟದ ಚೀಲ. ಅಜ್ಜಿಯ ಕುಪ್ಪಸದಲ್ಲಿ ನೀವು ಈ ಬಟ್ಟೆ ನೋಡಿರುತ್ತೀರಿ; ಮುಂಬಯಿ, ಪುಣೆಗಳಲ್ಲಿ ಮರಾಠಿ ಗೆಳತಿಯರೂ ಇದನ್ನು ಬಲ್ಲರು. ಚೀಲವೇ ಏಕೆ? ಹಳೆಗಾಲದ ಉಡುಪಿಗೆ ಕಿಸೆಯಿಲ್ಲ, ಬಂದವರಿಗೆ ಮೊಬೈಲ್ ಅಡಗಿಸಲು ಜಾಗ ಬೇಕು. ವ್ಯಾಪಾರದ ಗುಟ್ಟು ಇಷ್ಟೇ.

2023ರ ಏಪ್ರಿಲ್‌ನಲ್ಲಿ ನಾನು ಅಲ್ಲಿದ್ದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ. ಅದಕ್ಕೆ ಎರಡು ದಿನದ ಬೆವರು. ಮಡಚುವ ಕಬ್ಬಿಣದ ಚಪ್ಪರವನ್ನು ಹಾಗೇ ನಿಲ್ಲಿಸುವಂತಿಲ್ಲ, ಕಾಲುಗಳಿಗೆ ಮರದ ಪಟ್ಟಿ, ಮೇಲೆ ದಪ್ಪ ಕ್ಯಾನ್ವಾಸ್ ಹೊದಿಸಬೇಕು. ಆ ಕ್ಯಾನ್ವಾಸಿಗೆ ಬೇಗ ಬೆಂಕಿ ಹತ್ತದು ಎಂಬ ಪ್ರಮಾಣದ ಚೀಟಿ ಇರಲೇಬೇಕು. ಗಾಳಿಗೆ ಹಾರದಂತೆ ನಾಲ್ಕೂ ಕಾಲಿಗೆ ಮರಳಿನ ಮೂಟೆ, ಮೂಟೆ ಕಾಣದಂತೆ ಗೋಣಿತಟ್ಟು. ಮಾರಾಟ ತೆರಿಗೆಯ ಪರವಾನಗಿ ಬೇರೆ. ಪ್ಲಾಸ್ಟಿಕ್ ಎಂಬುದು ಗಿರಾಕಿಯ ಕಣ್ಣಿಗೆ ಬೀಳಬಾರದು. ಕಾರ್ಡ್ ಯಂತ್ರ ಮರದ ಪೆಟ್ಟಿಗೆಯೊಳಗೆ, ನೀರು ತಾಮ್ರದ ತಂಬಿಗೆಯಲ್ಲಿ. ಬಟ್ಟಲು ತುಂಬ ಕರಿಮೆಣಸು ಇಟ್ಟಿದ್ದು ಬರೀ ಮೂಸಿ ನೋಡಲು. ತಿನ್ನುವ ಪದಾರ್ಥ ಮಾರಿದರೆ ಆರೋಗ್ಯ ಇಲಾಖೆಯ ಅಪ್ಪಣೆ ಬೇಕಾಗುತ್ತದೆ.

ಚಪ್ಪರಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಎಲಿಜಬೆತ್ ಕಾಲದ ಇಂಗ್ಲೆಂಡಿನಲ್ಲಿ ಈ ಕನ್ನಡತಿಗೇನು ಕೆಲಸ? ಅಕ್ಕ ಅದಕ್ಕೆ ಉತ್ತರ ಹುಡುಕಿಟ್ಟಿದ್ದಳು. ರಾಲ್ಫ್ ಫಿಚ್ ಎಂಬ ಲಂಡನ್ ವರ್ತಕ 1583ರಲ್ಲಿ 'ಟೈಗರ್' ಹಡಗು ಹತ್ತಿ ಹೊರಟ. ಅವನ ತಂಡದ ಬಳಿ ಅಕ್ಬರನಿಗೆ ರಾಣಿ ಬರೆದ ಕಾಗದವಿತ್ತು. ಹೊರ್ಮುಜ್‌ನಲ್ಲಿ ಪೋರ್ಚುಗೀಸರು ಅವರನ್ನು ಹಿಡಿದು ಗೋವೆಗೆ ತಂದು ಸೆರೆಯಲ್ಲಿಟ್ಟರು. ಜಾಮೀನಿನ ಮೇಲೆ ಹೊರಬಂದವರು 1584ರಲ್ಲಿ ತಪ್ಪಿಸಿಕೊಂಡು ಓಡಿದ್ದು ಎಲ್ಲಿಗೆ? ಬೆಳಗಾವಿಗೆ, ಅಲ್ಲಿಂದ ಬಿಜಾಪುರಕ್ಕೆ, ಮುಂದೆ ಗೋಲ್ಕೊಂಡಕ್ಕೆ. ಫಿಚ್ ಲಂಡನ್ನಿಗೆ ಮರಳಿದ್ದು 1591ರಲ್ಲಿ. ಅಂದಮೇಲೆ ರಾಣಿಯ ಸಂತೆಯಲ್ಲಿ ಬಿಜಾಪುರದ ಹೆಸರು ಹೇಳಿದರೆ ಯಾರೂ ಹುಬ್ಬೇರಿಸಬೇಕಿಲ್ಲ.

ಚನ್ನಪಟ್ಟಣದ ಗೊಂಬೆಗಳನ್ನೂ ಇಡೋಣವೆಂದು ಭಾವನ ಆಸೆ. "ಬ್ಯಾಡ್ರಿ. ಅವು ಟಿಪ್ಪೂನ ಕಾಲದ್ದು ಅಂತ ಹೇಳ್ತಾರ. ಈ ರಾಣಿ 1603ಕ್ಕs ಸತ್ತಾಳ," ಎಂದಳು ಅಕ್ಕ. ಫಿಚ್ ಇದೇ ಖಣ ನೋಡಿದ್ದ ಎಂದು ಗಿರಾಕಿಗೆ ಹೇಳುವುದಕ್ಕೂ ಅವಳ ನಿಷೇಧವಿತ್ತು.

ತಕರಾರು ಬಂದದ್ದು ಅವಳ ಹದಿನೇಳರ ಮಗಳಿಂದ. ಅಲ್ಲೇ ಹುಟ್ಟಿ ಬೆಳೆದವಳು. "ನಾ ಇಂಗ್ಲಿಷ್ ಹಳ್ಳಿ ಹುಡುಗಿ ವೇಷ ಹಾಕ್ತೀನಿ, ಮಾಮಾ. ಸೀರಿ ಉಟ್ರ 'ನೀ ಎಲ್ಲಿಯಾಕಿ' ಅಂತ ಇಲ್ಲೂ ಕೇಳ್ತಾರ. ಶಾಲ್ಯಾಗ ಕೇಳಿಸ್ಕೊಂಡಿದ್ದು ಸಾಕಾಗೇದ." ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆದ ನಿಮಗೆ ಈ ಪ್ರಶ್ನೆಯ ರುಚಿ ಗೊತ್ತಿದೆ. ಎರಡು ಊರಿನವರೂ ಕೇಳುತ್ತಾರೆ. ಬೇಸಿಗೆಗೆ ಅಜ್ಜನ ಊರಿಗೆ ಹೋದರೆ ಅಲ್ಲಿಯೂ ತಪ್ಪದು.

ಅಕ್ಕ ವಾದಕ್ಕಿಳಿಯಲಿಲ್ಲ. ಮಗಳ ಶಾಲೆಯ 'ಮ್ಯಾಕ್‌ಬೆತ್' ತೆಗೆದು ಮೊದಲ ಅಂಕದಲ್ಲಿ ಬೆರಳಿಟ್ಟಳು. ಅಲೆಪ್ಪೊಗೆ ಹೋದ 'ಟೈಗರ್' ಹಡಗಿನ ಮಾತು ಅಲ್ಲಿದೆ. ಫಿಚ್ ಹತ್ತಿದ ಹಡಗಿನ ನೆನಪೇ ಅದು ಎಂದು ಅನೇಕ ವಿದ್ವಾಂಸರ ಊಹೆ. ಹುಡುಗಿ ಆ ಪುಟವನ್ನು ಎರಡು ಸಲ ಓದಿದಳು, ಏನೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಇಳಕಲ್ ಸೀರೆಯುಟ್ಟು ಬಂದಳು. ಕಾಲಿಗೆ ಮಾತ್ರ ತನ್ನದೇ ಚರ್ಮದ ಬೂಟು! ಅಕ್ಕ ನೋಡಿದರೂ ನೋಡದವಳಂತಿದ್ದಳು.

ಮಧ್ಯಾಹ್ನ ಲೋಹದ ಕವಚ ತೊಟ್ಟ ದಢೂತಿ ಸರದಾರನೊಬ್ಬ ಬಾಗಿ ವಂದಿಸಿ, ತಾವು ಯಾವ ದೇಶದವರೆಂದು ನಾಟಕದ ಇಂಗ್ಲಿಷಿನಲ್ಲಿ ಕೇಳಿದ.

"ಬಿಜಾಪುರ. ನಿಮ್ಮ ರಾಣಿಯ ಕಾಗದ ತಂದವರು ಗೋವೆಯ ಸೆರೆ ತಪ್ಪಿಸಿಕೊಂಡು ನಮ್ಮೂರಿಗೇ ಬಂದಿದ್ದರು," ಎಂದಳು ಅದೇ ಧಾಟಿಯಲ್ಲಿ. ಅವನು ಕಥೆಯಿಡೀ ಕೇಳಿದ. ನಕ್ಕು ಎರಡು ಚೀಲ ಆರಿಸಿಕೊಂಡ. ಆಮೇಲೆ ಮಾಮೂಲು ದನಿಯಲ್ಲಿ, "ನಿಜವಾಗಿ ಎಲ್ಲಿಯವಳು ನೀನು?" ಎಂದ.

"ಪ್ಯಾಸಡೀನಾ," ಎಂದಳು. ಅದು ಅಲ್ಲಿಂದ ಹದಿನೈದು ನಿಮಿಷದ ದಾರಿ. ಅವನ ಹತ್ತಿರ ರೊಕ್ಕವಿರಲಿಲ್ಲ. ರಾಣಿಯ ಮೆರವಣಿಗೆ ಬರುತ್ತಿದೆಯೇ ಎಂದು ಆಚೀಚೆ ನೋಡಿ, ಹುಡುಗಿ ಪೆಟ್ಟಿಗೆಯಿಂದ ಕಾರ್ಡ್ ಯಂತ್ರ ಹೊರತೆಗೆದಳು.