ಸುಲೈಬಿಖಾತ್ ಕೆಸರಿನಲ್ಲೊಂದು ಬೆಳಗು

ಜೂನ್ ಕೊನೆಯ ಕುವೈತಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮೂಡಿಬಿಡುತ್ತಾನೆ. ಹಾಗಾಗಿ ರುಮೈಥಿಯಾದ ಮನೆಯಿಂದ ನಾವಿಬ್ಬರು ನಾಲ್ಕಕ್ಕೇ ಹೊರಟೆವು. ನಗರ ದಾಟಿ ಪಶ್ಚಿಮಕ್ಕೆ ಸಾಗಿದರೆ ಕುವೈತ್ ಕೊಲ್ಲಿಯ ಒಳಮಡಿಲು, ಸುಲೈಬಿಖಾತ್. ಇಳಿತದ ಹೊತ್ತು. ಸಮುದ್ರವನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಬೇಕು, ಅಷ್ಟು ದೂರ ಸರಿದಿತ್ತು. ಉಳಿದದ್ದೆಲ್ಲ ಕೆಸರು, ಬೆಳ್ಳಿಯಂತೆ ಹೊಳೆಯುವ ಕೆಸರು.

ಹಕ್ಕಿ ನೋಡಲು ಬಂದವನು ನಾನು, ಮೊದಲು ಸೋತದ್ದು ಮೀನಿಗೆ. ಮಡ್‌ಸ್ಕಿಪ್ಪರ್ ಎಂಬ ಈ ಜೀವ ನೀರು ಬಿಟ್ಟು ಕೆಸರ ಮೇಲೆ ತೆವಳುತ್ತದೆ, ಕುಪ್ಪಳಿಸುತ್ತದೆ. ಇಲ್ಲಿನ ಒಂದು ಜಾತಿಯಂತೂ ಬಾಯಲ್ಲಿ ಕೆಸರು ಹೊತ್ತು ತಂದು ತನ್ನ ಜಾಗದ ಸುತ್ತ ಏರಿ ಕಟ್ಟುತ್ತದೆ. ಪಕ್ಕದವನ ಏರಿಗೆ ತನ್ನದು ತಾಗಿ, ಐದಾರು ಮೂಲೆಯ ಪುಟ್ಟ ಗದ್ದೆಗಳು ಒತ್ತೊತ್ತಾಗಿ ಹಬ್ಬುತ್ತವೆ. ಒಳಗೆ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಅದೇ ಅದರ ಊಟ. ಅಘನಾಶಿನಿಯ ದಡದಲ್ಲಿ ಬೆಳೆದ ನನಗೆ ಗಜನಿ ಗದ್ದೆಯೇ ಕಣ್ಣೆದುರು ಬಂತು. ಉಬ್ಬರದ ಉಪ್ಪುನೀರಿಗೆ ಒಡ್ಡು ಕಟ್ಟಿ ಕಗ್ಗದ ಭತ್ತ ಬೆಳೆದ ನಮ್ಮ ಹಿರಿಯರನ್ನು ಈ ಅಂಗೈ ಅಗಲದ ಹೊಲಗಳ ಮುಂದೆ ನಿಲ್ಲಿಸಬೇಕಿತ್ತು.

ಏರಿಗಳ ನಡುವೆ ಹಕ್ಕಿಗಳು. ಕೆಂಪು ಕಡ್ಡಿಗಾಲಿನ ಮೆಟ್ಟುಗಾಲು ಹಕ್ಕಿ, ಕಪ್ಪುಬೂದಿ ಬಣ್ಣದ ಕಡಲ ಬಕ, ಬಾಗಿದ ಕೊಕ್ಕಿನ ಹೆಗ್ಗೊರವ. ಹೆಗ್ಗೊರವಗಳ ಹಿರಿಯರೆಲ್ಲ ಮರಿಮಾಡಲು ಉತ್ತರಕ್ಕೆ ಹೋಗಿದ್ದರೂ ಎಳೆಯ ಹಕ್ಕಿಗಳು ಕೆಲವು ಬೇಸಿಗೆಯನ್ನು ಇಲ್ಲೇ ಕಳೆಯುತ್ತವೆ. ದೂರದಲ್ಲಿ ಕಪ್ಪು–ಬಿಳುಪಿನ ಏಳೆಂಟು ಏಡಿಬಾಕ ಹಕ್ಕಿಗಳು, ಕ್ರ್ಯಾಬ್ ಪ್ಲವರ್‌ಗಳು, ಕಂಡಾಗ ನನ್ನ ಗೆಳೆಯ ಉಸಿರು ಬಿಗಿಹಿಡಿದ. ಕುವೈತಿನಲ್ಲಿ ಇವುಗಳ ತವರು ಉತ್ತರದ ಬೂಬಿಯಾನ್ ದ್ವೀಪ. ಅಲ್ಲಿನ ಮುಬಾರಕ್ ಅಲ್-ಕಬೀರ್ ರಕ್ಷಿತ ಪ್ರದೇಶ 2015ರಲ್ಲಿ ದೇಶದ ಮೊದಲ ರಾಮ್‌ಸಾರ್ ತಾಣವಾಯಿತು (ನಮ್ಮ ಅಘನಾಶಿನಿ ಅಳಿವೆಗೆ ಆ ಮನ್ನಣೆ 2024ರಲ್ಲಿ ಬಂತು). ಹಕ್ಕಿ ಮರಳಿನೊಳಗೆ ಬಿಲ ತೋಡಿ ಸಾಮಾನ್ಯವಾಗಿ ಒಂದೇ ಬಿಳಿ ಮೊಟ್ಟೆ ಇಡುತ್ತದೆ. ಕಾವು ಕೊಡುವ ಕೆಲಸದಲ್ಲಿ ದೊಡ್ಡ ಪಾಲು ಬಿಸಿ ಮರಳಿನದು. ನಮ್ಮನ್ನು ಹೆದರಿಸುವ ಈ ಸುಡುನೆಲವೇ ಅದಕ್ಕೆ ತಾಯ ಮಡಿಲು!

ಏಳು ಗಂಟೆಗೆ ದುರ್ಬೀನಿನ ಲೋಹ ಬೆರಳು ಸುಡತೊಡಗಿತು. ದಡದ ಒಣಮರಳಿನಲ್ಲಿ ಕೆಂಟಿಶ್ ಪ್ಲವರ್ ಒಂದು ಬಯಲಲ್ಲೇ ಕೂತಿತ್ತು. ಗುಬ್ಬಿಗಿಂತ ತುಸು ದೊಡ್ಡ ಹಕ್ಕಿ, ಹುಲ್ಲುಕಡ್ಡಿಯ ನೆರಳೂ ಇಲ್ಲದ ಗೂಡು. ಹಗಲು ಹೆಚ್ಚಾಗಿ ಹೆಣ್ಣು, ರಾತ್ರಿ ಗಂಡು ಮೊಟ್ಟೆ ಕಾಯುತ್ತವೆ. ಬಿಸಿಲು ತೀರ ಏರಿದಾಗ ಸರದಿ ಬದಲಿಸುತ್ತ ಇಬ್ಬರೂ ನಿಲ್ಲುತ್ತಾರೆ. ಈ ಊರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹನ್ನೊಂದರಿಂದ ನಾಲ್ಕರ ತನಕ ಬಯಲಲ್ಲಿ ಕೂಲಿ ಮಾಡಿಸುವುದು ಕಾನೂನಿಗೇ ವಿರುದ್ಧ. ಆ ಹೊತ್ತಿನಲ್ಲೂ ಮೊಟ್ಟೆಯ ಮೇಲೆ ಯಾರಾದರೂ ಒಬ್ಬರು ಇರಲೇಬೇಕು, ಇಲ್ಲವಾದರೆ ಅದು ಒಳಗೇ ಬೇಯುತ್ತದೆ.

ಕಾರಿನೊಳಗಿಂದಲೇ ನೋಡುತ್ತಿದ್ದೆವು. ಹಕ್ಕಿ ಎದ್ದು ನೀರಿನಂಚಿಗೆ ಓಡಿತು. ಕುಡಿಯುವುದಕ್ಕೆ ಅಂದುಕೊಂಡೆ. ಅಲ್ಲ, ಎದೆ ಬಗ್ಗಿಸಿ ಹೊಟ್ಟೆಯ ಗರಿಗಳನ್ನು ನೀರಿಗೆ ಅದ್ದಿತು, ಮತ್ತೆ ಅದ್ದಿತು. ಹಾಗೇ ತೊಟ್ಟಿಕ್ಕುತ್ತ ಓಡಿ ಬಂದು ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು. ಒದ್ದೆ ಮಾಡಿ ತಂಪು ಹೊದಿಸಿತ್ತು.

ಗೆಳೆಯ ಏನೂ ಹೇಳಲಿಲ್ಲ. ಇನ್ನೂ ಐದು ನಿಮಿಷ ನಿಂತರೆ ಅದಕ್ಕೆ ನಮ್ಮ ಭಯ ಹತ್ತಬಹುದೆಂದು, ಸದ್ದಾಗದಂತೆ ಗಾಡಿ ಹಿಂದಕ್ಕೆ ತೆಗೆದ.